ಫೋನ್ ಮಾಡಿದವರೂ ಗಾಡಿಯಲ್ಲೇ ಇರುತ್ತಾರೆ

ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸಿಕೊಂಡು ಬೈಕ್ ಓಡಿಸುವವರನ್ನು ನೀವೂ ನೋಡಿರುತ್ತೀರಿ. ಕಿವಿಗೂ ಹೆಲ್ಮೆಟ್ಟಿನ ಸ್ಪಂಜಿಗೂ ನಡುವೆ ಫೋನ್ ತುರುಕಿರುತ್ತಾರೆ. ಅದರ ಅರ್ಧ ಭಾಗ ಕೆನ್ನೆಯ ಮೇಲೆ ಕಾಣುತ್ತಿರುತ್ತದೆ. ಎರಡೂ ಕೈ ಹ್ಯಾಂಡಲ್ ಮೇಲೇ ಇರುತ್ತವೆ. ಸಿಗ್ನಲ್ಲಿನಲ್ಲಿ ನಿಂತಾಗ ಅಕ್ಕಪಕ್ಕದವರಿಗೆಲ್ಲ ಮಾತು ಕೇಳಿಸುತ್ತದೆ. "ಹೂಂ, ಬರ್ತಾ ಇದೀನಿ... ಗೊರಗುಂಟೆಪಾಳ್ಯದ ಹತ್ರ ಇದೀನಿ... ಏನ್ ತರ್ಬೇಕು? ಕೊತ್ತಂಬರಿ ಸೊಪ್ಪಾ?" ಹಸಿರು ದೀಪ ಬೀಳುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಆಗ ಎಚ್ಚರವಾಗಿ ಗೇರ್ ಹಾಕುತ್ತಾರೆ. ಮಾತು ಮಾತ್ರ ನಿಲ್ಲುವುದಿಲ್ಲ.

ಇದು ಅಪರಾಧ. ಪೊಲೀಸರು ಹಿಡಿದರೆ ದಂಡ ಕಟ್ಟಬೇಕು. ಈಗ ಅದೇ ಮನುಷ್ಯ ಫೋನನ್ನು ಜೇಬಿನಲ್ಲಿಟ್ಟು, ಕಿವಿಗೊಂದು ಸಣ್ಣ ಬ್ಲೂಟೂತ್ ಹಾಕಿ, ಮೇಲೆ ಹೆಲ್ಮೆಟ್ ಹಾಕಿಕೊಂಡಿದ್ದಾರೆ ಅಂದುಕೊಳ್ಳಿ. ಮಾತು ಅದೇ. ಹಸಿರು ದೀಪ ಬಿದ್ದದ್ದು ಗೊತ್ತಾಗದೆ ನಿಲ್ಲುವುದೂ ಅದೇ. ಆದರೆ ಈಗ ಯಾವ ಪೊಲೀಸರ ಕಣ್ಣಿಗೂ ಬೀಳುವುದಿಲ್ಲ, ಯಾವ ಕ್ಯಾಮೆರಾಗೂ ಸಿಗುವುದಿಲ್ಲ. ಕಾನೂನು ಕೈ ನೋಡುತ್ತದೆ. ಗಮನ ಎಲ್ಲಿದೆ ಅಂತ ನೋಡುವುದು ಅದಕ್ಕೆ ಕಷ್ಟ.

ನಮ್ಮ ಮೋಟಾರು ವಾಹನ ಕಾಯ್ದೆ 1988ರದ್ದು. ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತಾದಿಂದ ದೆಹಲಿಗೆ. ಅಂದರೆ ಕಾಯ್ದೆ ಬರೆಯುವಾಗ ಮೊಬೈಲ್ ಅನ್ನುವುದೇ ಇಲ್ಲಿ ಇರಲಿಲ್ಲ. ಅಪಾಯಕಾರಿಯಾಗಿ ಗಾಡಿ ಓಡಿಸುವುದಕ್ಕೆ 184ನೇ ಸೆಕ್ಷನ್ ಇತ್ತು. ಫೋನಿನಲ್ಲಿ ಮಾತಾಡುವವರನ್ನು ಅದರಡಿ ತಂದು ಕೂರಿಸಬೇಕಿತ್ತು. 2019ರ ತಿದ್ದುಪಡಿ ಇದನ್ನು ಬಿಡಿಸಿ ಹೇಳಿತು. ಸಿಗ್ನಲ್ ಹಾರಿಸುವುದು, ಒನ್‌ವೇಯಲ್ಲಿ ಎದುರಿನಿಂದ ಬರುವುದು, ಕೈಯಲ್ಲಿ ಹಿಡಿಯುವ ಫೋನಿನಂಥ ಸಾಧನ ಬಳಸುವುದು, ಇವೆಲ್ಲ ಅಪಾಯಕಾರಿ ಚಾಲನೆ ಅಂತ ಸೆಕ್ಷನ್ನಿನಲ್ಲೇ ಬರೆದರು. ಆ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಮೊದಲ ಸಲ ಸಿಕ್ಕಿಬಿದ್ದರೆ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕರೆ ದಂಡ 10,000, ಇಲ್ಲವೇ ಜೈಲು ಎರಡು ವರ್ಷದವರೆಗೆ, ಅಥವಾ ಎರಡೂ.

ದಂಡ ಜಾಸ್ತಿಯಾಯಿತು ಅಂತ ಜನ ಗಲಾಟೆ ಮಾಡಿದ್ದು ನೆನಪಿರಬಹುದು. ಗುಜರಾತ್ ಮೊದಲು ಇಳಿಸಿತು. ಅದೇ ತಿಂಗಳು ಕರ್ನಾಟಕವೂ ಇಳಿಸಿತು. ಫೋನಿಗೆ ಬೈಕಾದರೆ 1,500, ಕಾರಾದರೆ 3,000 ಅಂತಾಯಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಕಟ್ಟಲು ಸಾಲು ನಿಂತರು. ನನಗೆ ಈ ರಿಯಾಯಿತಿ ಇವತ್ತಿಗೂ ಸರಿ ಅನ್ನಿಸಿಲ್ಲ. ಬಾಕಿ ವಸೂಲಿ ಆಗಿರಬಹುದು. ಆದರೆ ತಡ ಮಾಡಿದರೆ ಅರ್ಧಕ್ಕೆ ಮುಗಿಯುತ್ತದೆ ಅನ್ನುವ ಪಾಠ ಊರಿಗೆಲ್ಲ ಹೋಯಿತು. ಅಪಾಯಕಾರಿ ಅಂತ ಕಾಯ್ದೆಯೇ ಹೆಸರಿಟ್ಟ ತಪ್ಪಿಗೆ ಅರ್ಧ ಬೆಲೆ ಇರಬಾರದಿತ್ತು.

ದಂಡಕ್ಕಿಂತ ಬಿಗಿಯಾದದ್ದು ಲೈಸೆನ್ಸ್. ಸುಪ್ರೀಂ ಕೋರ್ಟ್ 2014ರಲ್ಲಿ ರಸ್ತೆ ಸುರಕ್ಷತೆಗೆ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ಸಮಿತಿ ನೇಮಿಸಿತು. ಅಪಘಾತಗಳ ಗಾಯ ನೋಡಿ ನೋಡಿ ಸಾಕಾಗಿದ್ದ ಕೊಯಮತ್ತೂರಿನ ಮೂಳೆ ಡಾಕ್ಟರ್ ಎಸ್. ರಾಜಶೇಖರನ್ ಹಾಕಿದ್ದ ಕೇಸಿನಿಂದ ಹುಟ್ಟಿದ ಸಮಿತಿ ಇದು. ಗಾಡಿ ಓಡಿಸುತ್ತಾ ಫೋನ್ ಬಳಸಿದವರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಅಂತ 2015ರಲ್ಲೇ ರಾಜ್ಯಗಳಿಗೆ ಹೇಳಿತು. ಮೂರು ತಿಂಗಳು ಸ್ಟೀರಿಂಗ್ ಮುಟ್ಟಬಾರದು ಅಂದರೆ ಹಣವಂತರಿಗೂ ಬಿಸಿ ತಟ್ಟುತ್ತದೆ. ಮೂರು ಸಾವಿರ ರೂಪಾಯಿ ಎಲ್ಲರಿಗೂ ಒಂದೇ ಭಾರ ಅಲ್ಲ.

ಇನ್ನು ಮ್ಯಾಪ್ ವಿಷಯ. ದಾರಿ ನೋಡುವುದಕ್ಕೆ ಮಾತ್ರ, ಅದೂ ಓಡಿಸುವವರ ಗಮನ ಕೆಡದ ಹಾಗೆ, ಫೋನ್ ಬಳಸಬಹುದು ಅಂತ 2020ರ ಅಕ್ಟೋಬರ್ 1ರಿಂದ ಕೇಂದ್ರ ನಿಯಮ ಹೇಳುತ್ತದೆ. ಒಳ್ಳೆಯ ನಿಯಮವೇ. ಆದರೆ ಮ್ಯಾಪ್ ತೋರಿಸುವ ಪರದೆಯ ಮೇಲೇ ವಾಟ್ಸಾಪ್ ಮೆಸೇಜೂ ಇಳಿಯುತ್ತದೆ, ಕರೆಯೂ ಬರುತ್ತದೆ. ಕಣ್ಣು ಬಾಣದ ಗುರುತು ನೋಡಿತಾ, ಮೆಸೇಜ್ ಓದಿತಾ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು?

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಬ್ರಿಟನ್ನಿನಲ್ಲಿ ಕೈಯಲ್ಲಿ ಫೋನ್ ಹಿಡಿದು ಓಡಿಸಬಾರದು ಅಂತ ಕಾನೂನು ಬಂದದ್ದು 2003ರ ಡಿಸೆಂಬರಿನಲ್ಲಿ. ಆಗ ಫೋನ್ ಅಂದರೆ ಮಾತು, ಮೆಸೇಜು, ಅಷ್ಟೇ. ಅದಕ್ಕೆ ತಕ್ಕ ಹಾಗೆ, ಆ ಕಡೆಯವರ ಜೊತೆ ಸಂಪರ್ಕ ಮಾಡುವ ಬಳಕೆಯನ್ನು ತಡೆದರು. 2017ರಲ್ಲಿ ಲಂಡನ್ನಿನಲ್ಲಿ ಒಬ್ಬರು ಅಪಘಾತವಾದ ಜಾಗದ ಪಕ್ಕದಲ್ಲೇ ಕಾರು ಓಡಿಸುತ್ತಾ ಅದರ ವಿಡಿಯೋ ಮಾಡಿಕೊಂಡು ಹೋದರು. ಪೊಲೀಸರು ಹಿಡಿದರು. ಕೇಸು ಹೈಕೋರ್ಟಿನವರೆಗೆ ಹೋಯಿತು. ವಿಡಿಯೋ ಮಾಡುವುದು ಯಾರನ್ನೂ ಸಂಪರ್ಕಿಸುವುದಲ್ಲ, ಹಾಗಾಗಿ ಈ ಕಾನೂನು ಅದಕ್ಕೆ ತಾಗುವುದಿಲ್ಲ ಅಂತ 2019ರಲ್ಲಿ ತೀರ್ಪಾಯಿತು. ಅವರು ಮಾಡಿದ್ದು ಸರಿ ಅಂತ ಕೋರ್ಟು ಹೇಳಲಿಲ್ಲ. ಬೇರೆ ಕಾನೂನಿನಡಿ ಅದು ತಪ್ಪಾಗಬಹುದು ಅಂತಲೇ ಹೇಳಿತು. ಆದರೂ ಒಂದು ಕಂಡಿ ಎಲ್ಲರಿಗೂ ಕಂಡಿತು. ಅದನ್ನು ಮುಚ್ಚಲು 2022ರ ಮಾರ್ಚ್ 25ರವರೆಗೆ ಕಾಯಬೇಕಾಯಿತು. ಈಗ ಅಲ್ಲಿ ಫೋಟೋ ತೆಗೆಯುವುದು, ಹಾಡು ಹುಡುಕುವುದು, ಆಟ ಆಡುವುದು, ಕೈಯಲ್ಲಿ ಹಿಡಿದು ಮಾಡಿದರೆ ಎಲ್ಲವೂ ಅಪರಾಧ. 200 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕಕ್ಕೆ ಆರು ಪಾಯಿಂಟ್. ಹೊಸದಾಗಿ ಲೈಸೆನ್ಸ್ ತೆಗೆದುಕೊಂಡವರಿಗೆ ಮೊದಲ ಎರಡು ವರ್ಷದೊಳಗೆ ಆರು ಪಾಯಿಂಟ್ ಆದರೆ ಲೈಸೆನ್ಸೇ ಹೋಗುತ್ತದೆ.

ಕ್ಯಾಲಿಫೋರ್ನಿಯಾದ ಕತೆಯೂ ಇಂಥದ್ದೇ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ಒಬ್ಬರು ಫೋನ್ ಕೈಯಲ್ಲಿ ಹಿಡಿದು ಮ್ಯಾಪ್ ನೋಡಿದ್ದಕ್ಕೆ ದಂಡ ಬಿತ್ತು. ಕಾನೂನು ತಡೆದಿರುವುದು ಮಾತಾಡುವುದನ್ನು ಮಾತ್ರ, ಮ್ಯಾಪ್ ನೋಡುವುದನ್ನಲ್ಲ ಅಂತ 2014ರಲ್ಲಿ ಕೋರ್ಟು ದಂಡ ರದ್ದು ಮಾಡಿತು. 2017ರಿಂದ ಹೊಸ ಕಾನೂನು ಬಂತು. ಅದರಡಿ 2025ರಲ್ಲಿ ಇನ್ನೊಬ್ಬರ ಕೇಸಿನಲ್ಲಿ, ಕೈಯಲ್ಲಿ ಹಿಡಿದು ಮ್ಯಾಪ್ ನೋಡುವುದೂ ಅಪರಾಧವೇ ಅಂತ ತೀರ್ಪಾಯಿತು. ನಮ್ಮ ಪಕ್ಕದ ಕೇರಳದಲ್ಲೂ 2018ರಲ್ಲಿ ಹೈಕೋರ್ಟಿನ ಮುಂದೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂತು. ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡಿದ ಮಾತ್ರಕ್ಕೆ ಕೇರಳ ಪೊಲೀಸ್ ಕಾಯ್ದೆಯ ಸಾರ್ವಜನಿಕ ಅಪಾಯದ ಸೆಕ್ಷನ್ ಹಾಕಲಾಗದು ಅಂತ ಕೋರ್ಟು ಹೇಳಿತು. ಆಗ ಎಷ್ಟೋ ಜನ ಫೋನಿನಲ್ಲಿ ಮಾತಾಡುವುದು ತಪ್ಪೇ ಅಲ್ಲವಂತೆ ಅಂತ ಹಂಚಿಕೊಂಡರು. ತೀರ್ಪು ಹಾಗೆ ಹೇಳಿರಲಿಲ್ಲ. ಅದು ಒಂದು ಸೆಕ್ಷನ್ನಿನ ಬಗ್ಗೆ ಮಾತ್ರ ಆಗಿತ್ತು.

ಎಲ್ಲ ಕಡೆ ಹೀಗೇ. ಫೋನು ಮುಂದೆ ಓಡುತ್ತದೆ, ಕಾನೂನು ಹಿಂದಿನಿಂದ ಬರುತ್ತದೆ. ಬಂದರೂ ಕೈಯ ಹತ್ತಿರ ಬಂದು ನಿಲ್ಲುತ್ತದೆ. ಕೈಯಲ್ಲಿ ಹಿಡಿದದ್ದನ್ನು ಸಾಬೀತು ಮಾಡಬಹುದು, ತಲೆಯಲ್ಲಿ ಓಡುತ್ತಿದ್ದದ್ದನ್ನು ಮಾಡಲಾಗದು. ಇದು ಅರ್ಥವಾಗುತ್ತದೆ. ನನ್ನ ತಕರಾರು ಬೇರೆ. ಕೈ ಖಾಲಿ ಇದ್ದರೆ ಅಪಾಯವಿಲ್ಲ ಅಂತ ನಾವೆಲ್ಲ ನಂಬಿಬಿಟ್ಟಿದ್ದೇವಲ್ಲ, ಅದು ತಪ್ಪು ಅಂತ ಗೊತ್ತಾಗಿ ಕಾಲು ಶತಮಾನಕ್ಕಿಂತ ಜಾಸ್ತಿ ಆಯಿತು.

1997ರಲ್ಲಿ ಟೊರೊಂಟೊದ ಇಬ್ಬರು ಸಂಶೋಧಕರು, ರೆಡೆಲ್‌ಮೈಯರ್ ಮತ್ತು ಟಿಬ್ಶಿರಾನಿ, ಒಂದು ಕೆಲಸ ಮಾಡಿದರು. ಗಾಡಿ ಗುದ್ದಿಕೊಂಡಿದ್ದ, ಫೋನ್ ಇದ್ದ 699 ಚಾಲಕರ ಫೋನ್ ಬಿಲ್ ತರಿಸಿದರು. ಗುದ್ದುವ ಮುಂಚಿನ ಕೆಲವು ನಿಮಿಷ ಫೋನಿನಲ್ಲಿದ್ದರಾ ಅಂತ ನೋಡಿದರು. ಅದೇ ಜನ ಹಿಂದಿನ ದಿನ ಅದೇ ಹೊತ್ತಿನಲ್ಲಿ ಫೋನಿನಲ್ಲಿದ್ದರಾ ಅಂತಲೂ ನೋಡಿದರು. ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸದೆ, ಅವರನ್ನು ಅವರ ಜೊತೆಗೇ ಹೋಲಿಸಿದರು. ಸಿಕ್ಕ ಉತ್ತರ, ಫೋನಿನಲ್ಲಿದ್ದಾಗ ಗುದ್ದುವ ಅಪಾಯ ಸುಮಾರು ನಾಲ್ಕು ಪಟ್ಟು. ಕೈ ಬಳಸದೆ ಮಾತಾಡುವ ಫೋನ್ ಇದ್ದವರಿಗೆ ಏನಾದರೂ ಲಾಭ ಇತ್ತಾ? ಇರಲಿಲ್ಲ. 2005ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅಪಘಾತವಾಗಿ ಆಸ್ಪತ್ರೆಗೆ ಬಂದವರನ್ನು ಇಟ್ಟುಕೊಂಡು ಮಾಡಿದ ಅಧ್ಯಯನದಲ್ಲೂ ಅದೇ ನಾಲ್ಕು ಪಟ್ಟು ಬಂತು.

ಯಾಕೆ ಹೀಗೆ ಅನ್ನುವುದಕ್ಕೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಜೊತೆಯವರ ಕೆಲಸ ನೋಡಬೇಕು. ಫೋನಿನಲ್ಲಿ ಮಾತಾಡುವವರ ಕಣ್ಣು ರಸ್ತೆಯ ಮೇಲೇ ಇರುತ್ತದೆ. ಎದುರಿನ ವಸ್ತುವಿನ ಮೇಲೇ ನೆಟ್ಟಿರುತ್ತದೆ. ಆದರೆ ಆಮೇಲೆ ಕೇಳಿದರೆ ಆ ವಸ್ತು ಕಂಡ ನೆನಪೇ ಇರುವುದಿಲ್ಲ. ಕಣ್ಣು ನೋಡಿದೆ, ತಲೆಗೆ ಹೋಗಿಲ್ಲ. ಹಾಗಾದರೆ ಪಕ್ಕದ ಸೀಟಿನವರ ಜೊತೆ ಮಾತಾಡುವುದೂ ಅಷ್ಟೇ ಅಪಾಯ ಅಲ್ವಾ ಅಂತ ಕೇಳುತ್ತಾರೆ. ಅದನ್ನೂ ಅವರು ನೋಡಿದ್ದಾರೆ. ಮುಂದೆ ಸಿಗುವ ಒಂದು ತಂಗುದಾಣದ ಹತ್ತಿರ ಹೈವೇ ಬಿಟ್ಟು ಹೊರಗೆ ಬನ್ನಿ ಅಂತ ಚಾಲಕರಿಗೆ ಹೇಳಿದ್ದರು. ಫೋನಿನಲ್ಲಿ ಗೆಳೆಯರ ಜೊತೆ ಮಾತಾಡುತ್ತಿದ್ದವರಲ್ಲಿ ಸುಮಾರು ಅರ್ಧ ಜನ ತಿರುವು ಬಿಟ್ಟು ಮುಂದೆ ಹೋದರು. ಪಕ್ಕದಲ್ಲಿ ಕೂತ ಗೆಳೆಯರ ಜೊತೆ ಮಾತಾಡುತ್ತಿದ್ದವರಲ್ಲಿ ಹೆಚ್ಚಿನವರು ಸರಿಯಾಗಿ ತಿರುಗಿದರು.

ಇದಕ್ಕೆ ಯೂಟಾಗೆ ಹೋಗಬೇಕಿಲ್ಲ. ಶಿರಾಡಿ ಘಾಟಿ ಇಳಿಯುವಾಗ ಕಾರಿನೊಳಗೆ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಸಕಲೇಶಪುರದವರೆಗೆ ಮದುವೆ, ಊಟ, ಯಾರ ಮಗನಿಗೆ ಎಲ್ಲಿ ಕೆಲಸ ಅಂತ ಮಾತೇ ಮಾತು. ಘಾಟಿ ಶುರುವಾಗಿ ಎದುರಿನಿಂದ ಗ್ಯಾಸ್ ಟ್ಯಾಂಕರ್ ಬಂದರೆ ಸಾಕು, ಯಾರೂ ಹೇಳದೆಯೇ ಮಾತು ನಿಲ್ಲುತ್ತದೆ. ಹಿಂದಿನ ಸೀಟಿನ ಅಜ್ಜಿಯೂ ಮಾತು ಅಲ್ಲಿಗೇ ಬಿಟ್ಟು ಮುಂದೆ ನೋಡುತ್ತಾರೆ. "ಸ್ವಲ್ಪ ಎಡಕ್ಕೆ ಬಾರೋ, ಬರ್ತಾ ಇದಾನೆ ನೋಡು" ಅನ್ನುತ್ತಾರೆ. ಟ್ಯಾಂಕರ್ ದಾಟಿದ ಮೇಲೆ ಮಾತು ಮತ್ತೆ ಶುರುವಾಗುತ್ತದೆ. ಒಳಗೆ ಕೂತವರ ಕಣ್ಣು ಕೂಡ ಓಡಿಸುವವರ ಕೆಲಸದಲ್ಲಿ ಪಾಲು ತೆಗೆದುಕೊಳ್ಳುತ್ತದೆ.

ಫೋನಿನ ಆ ಕಡೆ ಇರುವವರಿಗೆ ಟ್ಯಾಂಕರ್ ಕಾಣುವುದಿಲ್ಲ. ಅವರು ಅಡುಗೆಮನೆಯಲ್ಲೋ ಆಫೀಸಿನಲ್ಲೋ ಇರುತ್ತಾರೆ. ಈ ಕಡೆ ಎರಡು ಸೆಕೆಂಡ್ ಸುಮ್ಮನಾದರೆ "ಹಲೋ? ಹಲೋ? ಕೇಳಿಸ್ತಾ ಇದೆಯಾ?" ಅಂತ ಶುರು ಮಾಡುತ್ತಾರೆ. ಸುಮ್ಮನಿರಬೇಕಾದ ಹೊತ್ತಿನಲ್ಲೇ ಉತ್ತರ ಕೇಳುತ್ತಾರೆ. ಕೆಟ್ಟವರು ಅಂತಲ್ಲ, ಅವರಿಗೆ ರಸ್ತೆ ಕಾಣುವುದಿಲ್ಲ ಅಷ್ಟೇ. ಸ್ಟೀರಿಂಗ್ ಹಿಡಿದವರ ಗಮನದಲ್ಲಿ ಅವರದ್ದೂ ಪಾಲಿದೆ. ಆದರೆ ಕಣ್ಣಿಲ್ಲ.

ಮೆಸೇಜ್ ಟೈಪ್ ಮಾಡುವವರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಒಂದು ಲೆಕ್ಕ ಸಾಕು. ಅಮೆರಿಕದ ವರ್ಜೀನಿಯಾ ಟೆಕ್ ಸಂಸ್ಥೆ ಲಾರಿಗಳೊಳಗೆ ಕ್ಯಾಮೆರಾ ಇಟ್ಟು 2009ರಲ್ಲಿ ಹೇಳಿದ ಪ್ರಕಾರ, ಮೆಸೇಜ್ ಮಾಡುವಾಗ ಪ್ರತಿ 6 ಸೆಕೆಂಡಿನಲ್ಲಿ 4.6 ಸೆಕೆಂಡ್ ಕಣ್ಣು ರಸ್ತೆಯ ಮೇಲೆ ಇರಲಿಲ್ಲ. ಗಂಟೆಗೆ 80 ಕಿಲೋಮೀಟರ್ ಅಂದರೆ ಒಂದು ಸೆಕೆಂಡಿಗೆ 22 ಮೀಟರ್. 4.6 ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ನೂರು ಮೀಟರ್ ಕಣ್ಣು ಮುಚ್ಚಿಕೊಂಡು.

ಇಷ್ಟೆಲ್ಲ ಇದ್ದರೂ ಸರ್ಕಾರದ ಅಂಕಿ ನೋಡಿದರೆ ಫೋನು ದೊಡ್ಡ ಸಮಸ್ಯೆಯೇ ಅಲ್ಲ ಅನ್ನಿಸಬಹುದು. 2021ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,53,972 ಜನ. ಫೋನ್ ಬಳಕೆಯಿಂದ ಅಂತ ದಾಖಲಾದದ್ದು 1,040. ಶೇಕಡಾ ಒಂದೂ ಇಲ್ಲ. ಅತಿ ವೇಗದ ಲೆಕ್ಕಕ್ಕೆ ಹೋದದ್ದು ಸುಮಾರು ಶೇಕಡಾ 70. ಈ 1,040 ನಿಜವಾದ ಲೆಕ್ಕ ಅಂತ ನಾನು ನಂಬುವುದಿಲ್ಲ. ಯಾವುದಾದರೂ ಅಪಘಾತದ ಎಫ್‌ಐಆರ್ ಓದಿ. "ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು" ಅಂತ ಒಂದೇ ಸಾಲು ಇರುತ್ತದೆ. ಮೊದಲು ಐಪಿಸಿ 279, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 281. ಸೆಕ್ಷನ್ ಬದಲಾಯಿತು, ಸಾಲು ಹಾಗೇ ಇದೆ. ಆ ಸಾಲಿನೊಳಗೆ ನಿದ್ದೆಗಣ್ಣೂ ಮುಚ್ಚಿಹೋಗುತ್ತದೆ, ಫೋನೂ ಮುಚ್ಚಿಹೋಗುತ್ತದೆ. ಗುದ್ದಿದ ಮೇಲೆ ಫೋನ್ ಜೇಬಿಗೆ ಹೋಗುತ್ತದೆ ಅಥವಾ ಚರಂಡಿಗೆ ಬೀಳುತ್ತದೆ. ಬ್ಲೂಟೂತಿನಲ್ಲಿ ಮಾತಾಡುತ್ತಿದ್ದರೆ ನೋಡಿದವರಿಗೂ ಗೊತ್ತಿರುವುದಿಲ್ಲ. ಟೊರೊಂಟೊದಲ್ಲಿ ಮಾಡಿದ ಹಾಗೆ ಕರೆ ದಾಖಲೆ ತರಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಯಾರಾದರೂ ಸತ್ತ ಅಪಘಾತಗಳಲ್ಲಾದರೂ ಗುದ್ದುವ ಮುಂಚಿನ ಹತ್ತು ನಿಮಿಷದ ಕರೆ ದಾಖಲೆ ನೋಡುವುದು ಕಡ್ಡಾಯ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಬೆಂಗಳೂರಿನ ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರಿನಿಂದ ಹೊಸ ಕ್ಯಾಮೆರಾಗಳು ಬಂದಿವೆ. ಹೆಲ್ಮೆಟ್ ಇಲ್ಲದವರನ್ನು, ಸಿಗ್ನಲ್ ಹಾರಿಸುವವರನ್ನು, ಕಿವಿಗೆ ಫೋನ್ ಹಿಡಿದವರನ್ನು ತಾವಾಗಿಯೇ ಗುರುತಿಸುತ್ತವೆ. ಇದರಿಂದ ಕೈಗಳು ಖಾಲಿಯಾಗುತ್ತಿವೆ. ಅದು ಒಳ್ಳೆಯದೇ. ಆದರೆ ಕೈಯಿಂದ ಇಳಿದ ಮಾತು ಹೆಲ್ಮೆಟ್ಟಿನ ಒಳಗೆ ಹೋಗಿ ಕೂತಿದೆ.

ಫೋನೇ ಕೆಲಸದ ಜಾಗ ಆಗಿರುವವರ ಕಷ್ಟ ಬೇರೆ. ನಮ್ಮ ಪೀಣ್ಯದ ಕಡೆ ಒಂದು ದರ್ಶಿನಿಯ ಪಾರ್ಸೆಲ್ ಕೌಂಟರ್ ಮುಂದೆ ಸಂಜೆ ಡೆಲಿವರಿ ಹುಡುಗರು ನಿಂತಿರುತ್ತಾರೆ. ಒಬ್ಬ ಹುಡುಗ ತನ್ನ ಫೋನ್ ತೋರಿಸಿದ. ಹ್ಯಾಂಡಲ್‌ಗೆ ಕಟ್ಟಿದ ಹೋಲ್ಡರ್, ಅದರ ಮೇಲೆ ಮಳೆಗೆ ಅಂತ ಪ್ಲಾಸ್ಟಿಕ್ ಕವರ್, ಕವರ್ ಮೇಲೆ ಬೆರಳು ಒತ್ತಿ ಒತ್ತಿ ಮಬ್ಬಾದ ಗುರುತು. ಹೊಸ ಆರ್ಡರ್ ಬಂದರೆ ಗಂಟೆ ಹೊಡೆಯುತ್ತದೆ, ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಾ ಹೋಗುತ್ತವೆ. "ಓಡಿಸ್ತಾ ಇದ್ರೂ ಒತ್ಲೇಬೇಕು ಮೇಡಂ, ಬಿಟ್ರೆ ಆಮೇಲೆ ಆರ್ಡರ್ ಕಮ್ಮಿ ಬರುತ್ತೆ" ಅಂದ. ಅಷ್ಟರಲ್ಲಿ ಗಿರಾಕಿಯ ಫೋನ್ ಬಂತು. "ಎಲ್ಲಿದೀರಾ, ಇನ್ನೂ ಎಷ್ಟೊತ್ತು?" ಅವನು ಎಲ್ಲಿದ್ದಾನೆ ಅಂತ ಅವರ ಫೋನಿನ ಮ್ಯಾಪಿನಲ್ಲೇ ಕಾಣುತ್ತಿರುತ್ತದೆ. ಆದರೂ ಕೇಳುತ್ತಾರೆ. ಅವನಿಗೆ ಕ್ಯಾಮೆರಾ 1,500 ಹಾಕಿದರೆ ಹೆಚ್ಚುಕಡಿಮೆ ಎರಡು ದಿನದ ಸಂಪಾದನೆ ಹೋಗುತ್ತದೆ. ಗಂಟೆ ಹೊಡೆದವರಿಗೆ ಏನೂ ಆಗುವುದಿಲ್ಲ, ಫೋನ್ ಮಾಡಿದವರಿಗೂ ಏನೂ ಆಗುವುದಿಲ್ಲ.

ಅದೇ ಬೀದಿಯಲ್ಲಿ ನಮಗೆ ಪರಿಚಯದ ಒಬ್ಬರಿದ್ದಾರೆ. ಅವರ ಯಜಮಾನರು ಮಂಗಳೂರು ಕಡೆಗೆ ಲಾರಿ ಓಡಿಸುತ್ತಾರೆ. ಮಗಳ ಶಾಲೆಯ ಫೀಸಿನ ವಿಷಯ ಏನೋ ಇತ್ತು, ಈಗಲೇ ಕೇಳಿಬಿಡಿ ಅಂತ ನಾನಂದೆ. "ಇಲ್ಲ ಅಕ್ಕ, ನಾನಾಗಿ ಮಾಡಲ್ಲ. ಟೀ ಕುಡಿಯೋಕೆ ನಿಲ್ಸಿದಾಗ ಅವ್ರೇ ಮಾಡ್ತಾರೆ. ಘಾಟಿನಲ್ಲಿದ್ರೆ?" ಅಂದರು. ಈ ರೂಢಿ ಅವರ ಮನೆಯಲ್ಲಿ ಮದುವೆಯಾದಾಗಿನಿಂದ ಇದೆಯಂತೆ. ಅವತ್ತಿನಿಂದ ನಮ್ಮ ಮನೆಯಲ್ಲೂ ಇದೇ ಮಾಡಿಕೊಂಡಿದ್ದೇವೆ. ಹೊರಟಾಗ ಒಂದು ಮೆಸೇಜ್, ತಲುಪಿದಾಗ ಒಂದು. ನಡುವೆ ಯಾರೂ ಕರೆ ಮಾಡುವುದಿಲ್ಲ. ಗೊತ್ತಿಲ್ಲದೆ ಮಾಡಿದರೆ ಮೊದಲ ಮಾತು "ಓಡಿಸ್ತಾ ಇದೀಯಾ?" ಹೌದು ಅಂದರೆ ಇಟ್ಟುಬಿಡುವುದು. ನಮ್ಮ ಅಮ್ಮನಿಗೆ ಶುರುವಿನಲ್ಲಿ ಬೇಜಾರಾಗಿತ್ತು. ಎಲ್ಲಿದ್ದಾರೆ ಅಂತ ಗೊತ್ತಾಗದಿದ್ದರೆ ಜೀವ ನಿಲ್ಲುವುದಿಲ್ಲ ಅನ್ನುತ್ತಿದ್ದರು. ಈಗ ಮೊಮ್ಮಗ ಹೊರಟ ಮೆಸೇಜ್ ಬಂದ ಮೇಲೆ ಇನ್ಯಾರಾದರೂ ಅವನಿಗೆ ಕರೆ ಮಾಡಲು ಹೋದರೆ ಅವರೇ ತಡೆಯುತ್ತಾರೆ.

ಕರೆ ಮಾಡಿದವರಿಗೂ ಪಾಲಿದೆ ಅನ್ನುವುದು ನನ್ನ ಕಲ್ಪನೆ ಅಲ್ಲ, ಕಾನೂನಿನಲ್ಲೇ ಇದೆ. ಬ್ರಿಟನ್ನಿನ ನಿಯಮದಲ್ಲಿ ಕೈಯಲ್ಲಿ ಫೋನ್ ಹಿಡಿದು ಓಡಿಸುವಂತೆ ಮಾಡಿದವರೂ, ಓಡಿಸಲು ಬಿಟ್ಟವರೂ ತಪ್ಪಿತಸ್ಥರು. ಕೆಲಸ ಕೊಟ್ಟವರಿಗೂ ಅದು ತಾಗುತ್ತದೆ. ನಮ್ಮ ಕಾಯ್ದೆಯಲ್ಲಿ 188ನೇ ಸೆಕ್ಷನ್ ನೋಡಿ. ಅಪಾಯಕಾರಿ ಚಾಲನೆಗೆ ಕುಮ್ಮಕ್ಕು ಕೊಟ್ಟವರಿಗೆ, ಓಡಿಸಿದವರಿಗೆ ಕೊಡುವ ಶಿಕ್ಷೆಯನ್ನೇ ಕೊಡಬಹುದು ಅಂತ ಅದು ಹೇಳುತ್ತದೆ. ಫೋನ್ ಬಳಕೆ 2019ರಿಂದ ಅಪಾಯಕಾರಿ ಚಾಲನೆಯ ಪಟ್ಟಿಯಲ್ಲೇ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ದಾರಿ ತೆರೆದೇ ಇದೆ.

ಅದನ್ನು ತೆಗೆದುಕೊಂಡು ಹೋಗಿ ಮನೆಯ ತಾಯಂದಿರ ಮೇಲೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಮನೆಯವರಿಗೆ ತಿಳಿಸಿ ಹೇಳಿದರೆ ಸಾಕು. ಆದರೆ ಓಡುತ್ತಿರುವ ಬೈಕಿನ ಮೇಲೆ ಸೆಕೆಂಡುಗಳ ಲೆಕ್ಕದಲ್ಲಿ ಗುಂಡಿ ಒತ್ತಿಸುವ ಕಂಪನಿಗೆ, ಡ್ರೈವರ್ ಹೈವೇಯಲ್ಲಿದ್ದಾನೆ ಅಂತ ಗೊತ್ತಿದ್ದೂ ಕರೆ ಮೇಲೆ ಕರೆ ಮಾಡುವ ಟ್ರಾನ್ಸ್‌ಪೋರ್ಟ್ ಆಫೀಸಿನವರಿಗೆ, ಈ ಸೆಕ್ಷನ್ ತೋರಿಸಬೇಕು. ಗಾಡಿ ಓಡುತ್ತಿದೆಯೋ ನಿಂತಿದೆಯೋ ಅಂತ ಆ ಆ್ಯಪ್‌ಗೆ ಗೊತ್ತೇ ಇರುತ್ತದೆ. ನಿಂತ ಮೇಲೆ ಮಾತ್ರ ಆರ್ಡರ್ ತೋರಿಸುವುದು ದೊಡ್ಡ ಕೆಲಸವೇನಲ್ಲ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ, ಅಂದರೆ ಹೀಗೆ ಆ್ಯಪ್‌ಗಳಿಗೆ ದುಡಿಯುವವರಿಗಾಗಿ, ಕಾಯ್ದೆ ತಂದಿದೆ. ಅದರ ನಿಯಮಗಳಲ್ಲಿ ಈ ಒಂದು ಸಾಲು ಸೇರಿಸಿ ಅಂತ ಕಾರ್ಮಿಕ ಇಲಾಖೆಗೆ ಬರೆಯುತ್ತಿದ್ದೇನೆ. ನೀವೂ ಬರೆಯಿರಿ.